ಅಜ್ಜನ ಕತ್ತಿಗೆ ಹೊಸ ಹಿಡಿ ಹಾಕಿಸಬಹುದಾ? ಅದರಲ್ಲಿ "ಜೀವ" ಇದೆ ಅಂತಾರೆ

ಕಾನುಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಹಳೇ ಮನೆ ಕೆಡವುವ ಮೊದಲು ಅಟ್ಟ ಖಾಲಿ ಮಾಡುತ್ತಿದ್ದೆವು. ತೊಲೆಗೆ ನೇತುಹಾಕಿದ್ದ ಒಂದು ಗೋಣಿ ಗಂಟು ಸಿಕ್ಕಿತು. ಬಿಚ್ಚಿದರೆ ಅಜ್ಜನ ಸೊಪ್ಪುಗತ್ತಿ. ತುದಿ ಗಿಳಿಕೊಕ್ಕಿನ ಹಾಗೆ ಒಳಕ್ಕೆ ಬಾಗಿದೆ. ಬೆನ್ನು ದಪ್ಪ, ಬಾಯಿ ಸವೆದು ನಡುವೆ ಹಳ್ಳ ಬಿದ್ದಿದೆ. ತುಕ್ಕು ಒರೆಸಿದಾಗ ಬೆನ್ನಿನ ಹತ್ತಿರ ಮೂರು ಚುಕ್ಕಿ, ಪಕ್ಕದಲ್ಲಿ ಅರ್ಧಚಂದ್ರ ಕಂಡಿತು. ಉಳಿಯಲ್ಲಿ ಕುಟ್ಟಿದ ಗುರುತು.

ಈ ಕತ್ತಿಗೆ ಹೆಸರೂ ಇತ್ತು. ಕರಿಯ. ಚಿಕ್ಕವನಿದ್ದಾಗ ಅಜ್ಜಿ "ಅಟ್ಟಕ್ಕೆ ಹೋಗಬೇಡ, ಕರಿಯ ಇದಾನೆ" ಅನ್ನುತ್ತಿದ್ದರು. ನಾನು ಅದನ್ನು ಸತ್ತುಹೋದ ನಾಯಿ ಅಂದುಕೊಂಡಿದ್ದೆ.

ಕಥೆ ಇಷ್ಟು. ಅಜ್ಜ 1987ರಲ್ಲಿ ತೀರಿಕೊಂಡರು. ಆಮೇಲೆ ದೊಡ್ಡಪ್ಪ ಅದನ್ನು ಹಿಡಿದು ಬೆಟ್ಟಕ್ಕೆ ಹೋದರು, ಮೊದಲ ವಾರದಲ್ಲೇ ಮೊಣಕಾಲು ಕಡಿದುಕೊಂಡರು. ನಂತರ ಕೆಲಸಕ್ಕೆ ಬಂದವರೊಬ್ಬರ ಅಂಗೈ ಸೀಳಿತು. ಅಜ್ಜಿ ಎಲ್ಲೋ ಹೋಗಿ ನಿಮಿತ್ತ ಕೇಳಿಸಿದರು. "ಹಿಡಿದವನ ಕೈ ಇನ್ನೂ ಬಿಟ್ಟಿಲ್ಲ" ಅಂತ ಬಂತಂತೆ. ಅವತ್ತೇ ಗೋಣಿಯಲ್ಲಿ ಸುತ್ತಿ ಮೇಲೆ ಕಟ್ಟಿದ್ದು.

ಈಗ ತಮ್ಮ ಗುಜರಿಗೆ ಹಾಕು ಅಂತಾನೆ. ಅಮ್ಮ ತುಂಗೆಗೆ ಬಿಡು ಅಂತಾರೆ. ನನಗೆ ಹೊಸ ಹಿಡಿ ಹಾಕಿಸಿ ಬಳಸುವ ಆಸೆ. ಇನ್ನೊಂದು ವಿಷಯ. ಕತ್ತಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಅಂತ ಸಣ್ಣ ಸದ್ದು ಬರುತ್ತೆ. "ನೋಡು, ಮಾತಾಡ್ತಾನೆ" ಅಂದರು ಅಮ್ಮ. ತಮಾಷೆಗಲ್ಲ, ಗಂಭೀರವಾಗಿಯೇ. ನಿಮ್ಮ ಕಡೆ ಇಂಥದ್ದು ಇದೆಯಾ?

ಸಂಶಯಾತ್ಮ

ಹಿಡಿ ಸಡಿಲವಾಗಿದೆ, ಅದಕ್ಕೇ ಸದ್ದು. ಹಿಡಿ ಸಡಿಲವಾಗಿದ್ದರೆ ಕತ್ತಿ ಜಾರುತ್ತೆ, ಜಾರಿದರೆ ಮೊಣಕಾಲು. ಮುಗೀತು.

ಕಡಲತಡಿ

ಮುಗಿದಿಲ್ಲ ಮಾರಾಯ್ರೆ, ಈಗ ಶುರು. ನಮ್ಮ ತುಳುನಾಡಿಗೆ ಬಂದು "ಕಬ್ಬಿಣದಲ್ಲಿ ಏನಿರುತ್ತೆ" ಅಂತ ಕೇಳಿ ನೋಡಿ. ದೈವದ ಭಂಡಾರದಲ್ಲಿ ಕಡ್ಸಲೆ ಇರುತ್ತೆ. ಅದನ್ನು ನಾವು ಕತ್ತಿ ಅನ್ನುವುದೇ ಇಲ್ಲ. ವರ್ಷವಿಡೀ ಭಂಡಾರದ ಮನೆಯಲ್ಲಿ ಇದ್ದು, ಕೋಲ ನೇಮದ ದಿನ ಮೊಗ, ಗಂಟೆಗಳ ಜೊತೆ ಮೆರವಣಿಗೆಯಲ್ಲಿ ಕೊಡಿಯಡಿಗೆ, ಅಂದರೆ ಕೋಲ ನಡೆಯುವ ಜಾಗಕ್ಕೆ, ಬರುತ್ತೆ. ದೈವ ಮೈಮೇಲೆ ಬರುವ ದರ್ಶನ ಪಾತ್ರಿಯ ಕೈಗೆ ಕೊಟ್ಟ ಮೇಲೆ ಅದು ನಡುಗುವುದನ್ನು ನೋಡಿದರೆ ನಿಮ್ಮ ಹೊಟ್ಟೆಯೂ ನಡುಗುತ್ತೆ. ನಾನು ಇಂಜಿನಿಯರಿಂಗ್ ಓದಿದವನೇ. ಆದರೂ ಆ ಹೊತ್ತಿನಲ್ಲಿ ಕೈ ತಾನಾಗಿ ಮುಗಿಯುತ್ತೆ.

ಆದರೆ ಒಂದು ವ್ಯತ್ಯಾಸ ಇದೆ. ಕಡ್ಸಲೆಯಲ್ಲಿ ಹುಟ್ಟುವಾಗಲೇ ಏನೋ ಸೇರಿಕೊಂಡಿದೆ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ದೈವದ್ದು ಅಂತ ಒಪ್ಪಿಸಿದ ಮೇಲೆ ಅದು ದೈವದ್ದು. ನಿಮ್ಮ ಕರಿಯನ ಕಥೆ ಬೇರೆ. ಅಲ್ಲಿ ಬಳಸಿದ ಮನುಷ್ಯ ಕತ್ತಿಯಲ್ಲಿ ಉಳಿದ ಅನ್ನುವ ನಂಬಿಕೆ.

ಅಡಕತ್ತರಿ ಅಮ್ಮ

ನನ್ನ ಬಾಣಂತನದಲ್ಲಿ ಅಮ್ಮ ತಲೆದಿಂಬಿನ ಕೆಳಗೆ ಅಡಕತ್ತರಿ ಇಟ್ಟಿದ್ದರು. ಕಬ್ಬಿಣ ಇದ್ದರೆ ಗಾಳಿ ಸೋಕಲ್ಲ ಅಂತ. ಈಗ ಮಗಳು ಅಮೆರಿಕದಲ್ಲಿ. ಅವಳ ಬಾಣಂತನಕ್ಕೆ ಹೋಗುವಾಗ ಅದೇ ಅಡಕತ್ತರಿಯನ್ನು ಕೈಚೀಲದಲ್ಲಿ ಹಾಕಿಕೊಂಡಿದ್ದೆ. ವಿಮಾನ ನಿಲ್ದಾಣದಲ್ಲಿ ತೆಗೆಸಿಬಿಟ್ಟರು. ಕೊನೆಗೆ ಅಲ್ಲಿಯ ಅಡುಗೆಮನೆಯ ಸ್ಟೀಲ್ ಚಾಕು ಇಟ್ಟೆವು. ಸ್ಟೀಲ್ ಕಬ್ಬಿಣದ ಲೆಕ್ಕಕ್ಕೆ ಬರುತ್ತಾ?

ಲೋಹದ ಮೇಷ್ಟ್ರು

ಬರುತ್ತೆ ಅಮ್ಮ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಜಾಸ್ತಿ ಭಾಗ ಕಬ್ಬಿಣವೇ. ದೆವ್ವಕ್ಕೆ ಕ್ರೋಮಿಯಂ ಲೆಕ್ಕ ಗೊತ್ತಿರಲಾರದು.

ಕಾನುಮನೆಯವರೇ, ಮೊದಲು ಒಂದು ಎಚ್ಚರಿಕೆ. ದಯವಿಟ್ಟು ಆ ಕತ್ತಿಯನ್ನು ಗ್ರೈಂಡರ್ ಇರುವ ಅಂಗಡಿಗೆ ಕೊಡಬೇಡಿ. ನಮ್ಮ ಮಾವನ ಕತ್ತಿಯನ್ನು ನಾನೇ ಹಾಗೆ ಹಾಳು ಮಾಡಿದೆ. ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎರಡೇ ನಿಮಿಷದಲ್ಲಿ ಫಳಫಳ ಹೊಳೆಯಿಸಿ ಕೊಟ್ಟರು. ಬಾಯಿಯ ಉದ್ದಕ್ಕೂ ನವಿಲುಗರಿಯ ನೀಲಿ ಬಣ್ಣ. ನೋಡಲು ಚೆಂದ. ಮನೆಗೆ ಬಂದು ಎರಡು ತೆಂಗಿನಗರಿ ಕಡಿದೆ, ಬಾಯಿ ಮಡಚಿಕೊಂಡಿತು. ಮಾವ ಅದನ್ನು ನೋಡಿ ಹೇಳಿದ್ದು ಒಂದೇ ಮಾತು: "ಜೀವ ತೆಗೆದುಬಿಟ್ಟೆಯಲ್ಲೋ."

ಅವರು ಹೇಳಿದ್ದು ಸರಿ. ಹದ ಮಾಡಿದ ಉಕ್ಕನ್ನು ಮತ್ತೆ ಬಿಸಿ ಮಾಡುತ್ತಾ ಹೋದರೆ ಅದರ ಮೈಮೇಲೆ ಬಣ್ಣ ಏರುತ್ತೆ. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣ, 280ರ ಹೊತ್ತಿಗೆ ನೇರಳೆ, 300ರ ಹತ್ತಿರ ನೀಲಿ. ಒಂದೊಂದು ಬಣ್ಣ ದಾಟಿದಾಗಲೂ ಗಡಸು ಕಡಿಮೆಯಾಗುತ್ತೆ. ಗ್ರೈಂಡರ್ ಕಲ್ಲಿನ ಕೆಳಗೆ ತೆಳು ಬಾಯಿ ಅರೆಕ್ಷಣದಲ್ಲಿ ಅಷ್ಟು ಬಿಸಿಯಾಗಿಬಿಡುತ್ತೆ. ಸಾಣೆಕಲ್ಲು ನಿಧಾನ, ಅದಕ್ಕೇ ಒಳ್ಳೆಯದು.

ಇನ್ನೊಂದು. ಹಳೆಯ ಕತ್ತಿಗಳು ಪೂರ್ತಿ ಉಕ್ಕಿನವಲ್ಲ. ಉಕ್ಕು ದುಬಾರಿ, ಸಿಗುವುದೂ ಕಡಿಮೆ. ಮೈಯೆಲ್ಲ ಮೆತು ಕಬ್ಬಿಣ, ಬಾಯಿಗೆ ಮಾತ್ರ ಒಂದು ಪಟ್ಟಿ ಉಕ್ಕು ಬೆಸೆಯುತ್ತಿದ್ದರು. ಮೆತು ಮೈ ಪೆಟ್ಟು ತಡೆಯುತ್ತೆ, ಗಡಸು ಬಾಯಿ ಕಡಿಯುತ್ತೆ. ವರ್ಷಗಟ್ಟಲೆ ಮಸೆದು ಮಸೆದು ಆ ಪಟ್ಟಿ ಸವೆದರೆ ಉಳಿಯುವುದು ಬರೀ ಕಬ್ಬಿಣ. ಆಗ ಎಷ್ಟು ಮಸೆದರೂ ಹರಿತ ನಿಲ್ಲಲ್ಲ. ನೋಡಲು ಅದೇ ಕತ್ತಿ, ಅದೇ ಆಕಾರ. ಆದರೆ ಒಳಗಿದ್ದ "ಅದು" ಇಲ್ಲ. ಜನ ಜೀವ ಹೋಯಿತು ಅಂದರೆ ನಾನು ನಗುವುದಿಲ್ಲ.

ಸಂಶಯಾತ್ಮ

ಮೇಷ್ಟ್ರೇ, ನೀವೇ ಹೀಗೆ ಅಂದರೆ ಹೇಗೆ? ಅದು ಮಾರ್ಟೆನ್‌ಸೈಟ್, ಕಾದ ಉಕ್ಕು ಥಟ್ಟನೆ ತಣಿದಾಗ ಒಳಗೆ ಆಗುವ ಗಡಸು ರಚನೆ. ಜೀವ ಅಂತ ಯಾಕೆ ಕರೆಯಬೇಕು?

ಲೋಹದ ಮೇಷ್ಟ್ರು

ಆ ಹೆಸರು ಬಂದಿದ್ದೇ ಹತ್ತೊಂಬತ್ತನೇ ಶತಮಾನದ ಕೊನೆಗೆ, ಒಬ್ಬ ಜರ್ಮನ್ ವಿಜ್ಞಾನಿಯ ಹೆಸರಿನಿಂದ. ಅದಕ್ಕೂ ಎರಡು ಸಾವಿರ ವರ್ಷ ಮೊದಲಿನಿಂದ ನಮ್ಮವರು ಉಕ್ಕು ಮಾಡುತ್ತಿದ್ದರು. ಅವರಿಗೆ ಕೈಯಲ್ಲಿ ಸಿಕ್ಕಿದ್ದಕ್ಕೆ ಒಂದು ಮಾತು ಬೇಕಿತ್ತು. "ಹದ" ಅಂದರು. ದೋಸೆ ಹಿಟ್ಟಿಗೂ ಹದ, ಬಿತ್ತುವ ನೆಲಕ್ಕೂ ಹದ, ಕತ್ತಿಗೂ ಹದ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಪದ ಹುಡುಕಿಕೊಡಿ ನೋಡೋಣ.

ಕುಲುಮೆ ಮೊಮ್ಮಗ

ಈ ಚರ್ಚೆ ನೋಡಿ ಖಾತೆ ತೆರೆದೆ. ನಮ್ಮಜ್ಜ ಕಮ್ಮಾರರು. ಶಿಕಾರಿಪುರದ ಕಡೆ. ನಾನು ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿ. ಬೇಸಿಗೆ ರಜೆಯಲ್ಲಿ ತಿದಿ ಒತ್ತುವುದು ನನ್ನ ಕೆಲಸವಾಗಿತ್ತು. ಆಮೇಲೆ ಚಕ್ರ ತಿರುಗಿಸುವ ಬ್ಲೋವರ್ ಬಂತು.

ಜೀವ ಎಲ್ಲಿಂದ ಬರುತ್ತೆ ಅಂತ ಎಲ್ಲರೂ ಕೇಳುತ್ತಿದ್ದೀರಿ. ನಾನು ಕಂಡಿದ್ದು ಹೇಳುತ್ತೇನೆ.

ಅಜ್ಜ ದಿನವಿಡೀ ಕಾಸಿ ಬಡಿಯುತ್ತಿದ್ದರು. ಊರಿನವರು ಸುತ್ತ ಕೂತು ಹರಟೆ ಹೊಡೆಯುತ್ತಿದ್ದರು. ಆದರೆ ಬಾಯಿಗೆ ಹದ ಕೊಡುವ ಕೆಲಸ ಮಾತ್ರ ಕತ್ತಲಾದ ಮೇಲೆ. ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಿದ್ದರು. ಬಾಗಿಲಿಗೆ ಗೋಣಿ ಇಳಿಬಿಡುತ್ತಿದ್ದರು. ಕೇಳಿದರೆ "ದೃಷ್ಟಿ ಆಗುತ್ತೆ, ಕತ್ತಿ ಸೀಳುತ್ತೆ" ಅನ್ನುವರು. ನಾನು ತಿದಿ ಒತ್ತುವವನಾದ್ದರಿಂದ ಒಳಗೇ ಇರುತ್ತಿದ್ದೆ. ಮಾತಾಡುವ ಹಾಗಿಲ್ಲ.

ಇದ್ದಿಲ ಕೆಂಡದಲ್ಲಿ ಕತ್ತಿ ಮಲಗಿರುತ್ತಿತ್ತು. ಅಜ್ಜ ಬಣ್ಣ ನೋಡುತ್ತಿದ್ದರು. ಕಪ್ಪು ಕೆಂಪು, ಆಮೇಲೆ ಕುಂಕುಮ, ಆಮೇಲೆ ಹಣ್ಣು ಮೆಣಸಿನಕಾಯಿ. ಅದಕ್ಕಿಂತ ಒಂದು ಎಳೆ ಮುಂದೆ ಹೋದಾಗ ಇಕ್ಕಳದಲ್ಲಿ ಎತ್ತಿ, ಒಮ್ಮೆ ಉಸಿರು ಹಿಡಿದು, ಬಾಯಿ ಕೆಳಗೆ ಮಾಡಿ ಕಲ್ಲಿನ ದೋಣಿಯ ನೀರಿಗೆ ಇಳಿಸುತ್ತಿದ್ದರು. ಚೊಂಯ್ ಅಂತ ಸದ್ದು. ನೀರು ಕೊತಕೊತ. ಆಗ ಅಜ್ಜ ತಲೆ ಬಗ್ಗಿಸಿ ಕಿವಿ ಕೊಟ್ಟು ಕೇಳುತ್ತಿದ್ದರು. ಆ ಚೊಂಯ್ ನಡುವೆ "ಟಿಣ್" ಅಂತ ಒಂದು ಸಣ್ಣ ಸದ್ದು ಬಂದರೆ ಕೆಲಸ ಕೆಟ್ಟಿತು. ಎಲ್ಲೋ ಕೂದಲೆಳೆಯ ಸೀಳು ಬಿಟ್ಟಿದೆ ಅಂತ ಅರ್ಥ. ಎರಡು ದಿನದ ದುಡಿಮೆ ಹೋಯಿತು. ಅಜ್ಜ ಆ ಕತ್ತಿಯನ್ನು ಮೂಲೆಗೆ ಎಸೆದು "ಹೋದ" ಅನ್ನುತ್ತಿದ್ದರು. ಹೋಯಿತು ಅಲ್ಲ. ಹೋದ.

ದೊಡ್ಡವನಾದ ಮೇಲೆ ಗೊತ್ತಾಯಿತು, ಕತ್ತಲಲ್ಲಿ ಮಾಡುತ್ತಿದ್ದುದು ಬಣ್ಣ ಸರಿಯಾಗಿ ಕಾಣಲಿ ಅಂತ. ಬಿಸಿಲಿನಲ್ಲಿ ಕೆಂಪು ಮೋಸ ಮಾಡುತ್ತೆ. ಜನರನ್ನು ಕಳಿಸುತ್ತಿದ್ದುದು ಟಿಣ್ ಕೇಳಲಿ ಅಂತ. ಆದರೆ ಅಜ್ಜನಿಗೆ ದೃಷ್ಟಿಯ ಭಯವೂ ನಿಜವೇ ಇತ್ತು. ಕುಲುಮೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟದೆ ಕೂರುತ್ತಿರಲಿಲ್ಲ. ಅಮಾವಾಸ್ಯೆ ದಿನ ಬೆಂಕಿ ಹಾಕುತ್ತಿರಲಿಲ್ಲ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ಕಾಲಿನಿಂದ ಮುಟ್ಟಿದ್ದಕ್ಕೆ ನನಗೆ ಒದೆ ಬಿದ್ದಿದೆ. ಅದು ಕಾಳಮ್ಮ ಕೂರುವ ಜಾಗ.

ಲೋಹದ ಮೇಷ್ಟ್ರು

ನಿಮ್ಮಜ್ಜ ನೋಡುತ್ತಿದ್ದ ಬಣ್ಣಕ್ಕೆ ಒಂದು ಪುಟ್ಟ ಟಿಪ್ಪಣಿ ಸೇರಿಸಲೇ? ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣಕ್ಕೆ ಆಯಸ್ಕಾಂತ ಅಂಟುವುದು ನಿಲ್ಲುತ್ತೆ. ಅದಕ್ಕಿಂತ ಸ್ವಲ್ಪ ಮೇಲೆ ಹೋದಾಗ ನೀರಿಗೆ ಇಳಿಸಬೇಕು. ಕಡಿಮೆಯಾದರೆ ಗಡಸಾಗಲ್ಲ. ಜಾಸ್ತಿಯಾದರೆ ಒಳಗಿನ ಕಣ ದಪ್ಪವಾಗಿ ಸೀಳು ಬಿಡುತ್ತೆ. ನನಗೆ ಇದಕ್ಕೆ ಮೀಟರ್ ಇರುವ ಕುಲುಮೆ ಬೇಕು. ಅವರಿಗೆ ಕತ್ತಲು ಸಾಕಾಗಿತ್ತು.

ಬೆಳಗಾವಿ ಹುಡುಗ

ನಮ್ಮ ಕಡೆ ರಸ್ತೆ ಪಕ್ಕ ಘಿಸಾಡಿಗಳು, ಅಂದರೆ ಅಲೆಮಾರಿ ಕಮ್ಮಾರರು, ಬಂದು ಬಿಡಾರ ಹಾಕುತ್ತಾರೆ. ನೆಲದಲ್ಲೇ ಕುಲುಮೆ. ಗಂಡ ಇಕ್ಕಳ ಹಿಡಿದು ಕೂತಿರುತ್ತಾನೆ, ದೊಡ್ಡ ಸುತ್ತಿಗೆ ಬೀಸುವುದು ಹೆಂಡತಿ. ಸೊಂಟಕ್ಕೆ ಸೆರಗು ಬಿಗಿದು ಒಂದರ ಮೇಲೊಂದು ಪೆಟ್ಟು. ಕುಡುಗೋಲು ಹಣಿಸಿಕೊಂಡು ಬರುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಈಗ ಅವರು ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲೇ ಎಲ್ಲ ಮಾಡುತ್ತಾರೆ. ಪ್ಲೇಟಿನ ಕತ್ತಿಗೆ ಯಾವ ದೆವ್ವವೂ ಬರಲ್ಲ, ಬಂದರೆ ಅಪಘಾತದಲ್ಲಿ ಸತ್ತ ಡ್ರೈವರನದೇ ಬರಬೇಕು ಅಂತ ನಮ್ಮ ಕಾಕಾ ನಗುತ್ತಿದ್ದರು.

ಇನ್ನು ದೆವ್ವ ಹಿಡಿಯುವುದಕ್ಕಿಂತ ದೆವ್ವ ಓಡಿಸುವ ಕೆಲಸವೇ ಕಬ್ಬಿಣಕ್ಕೆ ಜಾಸ್ತಿ. ಊರ ಹೊರಗಿನ ಹುಣಸೆಮರ ನೋಡಿ, ಕಾಂಡದ ತುಂಬಾ ಮೊಳೆ. ಒಂದೊಂದು ಮೊಳೆ ಒಂದೊಂದು ದೆವ್ವ.

ಕೊಡಗಿನ ಮಳೆ

ಕೊಡಗಿನ ಮಾತು ಬರಲೇ ಇಲ್ಲವಲ್ಲ! ನಮ್ಮ ಒಡಿಕತ್ತಿ ನೋಡಿದ್ದೀರಾ? ಅಗಲ, ಭಾರ, ಮುಂದಕ್ಕೆ ಬಾಗಿದ ಬಾಯಿ. ಅದಕ್ಕೆ ಒರೆ ಇಲ್ಲ. ಬೆನ್ನ ಹಿಂದೆ ತೊಡಂಗ್ ಅನ್ನುವ ಹಿತ್ತಾಳೆ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮುಂದೆ ಚೇಲೆಗೆ, ಅಂದರೆ ಸೊಂಟದ ಪಟ್ಟಿಗೆ, ಸಿಕ್ಕಿಸುವುದು ಪೀಚೆಕತ್ತಿ, ಅದು ಬೆಳ್ಳಿ ಕೆಲಸದ ಚಿಕ್ಕದು. ಈಗ ಮದುವೆ ಫೋಟೋಗಳಲ್ಲಿ ಎಲ್ಲರೂ ನೋಡಿರುವುದು ಅದನ್ನೇ.

ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್, ನಮ್ಮ ಆಯುಧಗಳ ಹಬ್ಬ. ನಾಟಿ ಕೆಲಸ ಮುಗಿದಿರುತ್ತೆ. ಕತ್ತಿ, ಕೋವಿ ಎಲ್ಲ ತೊಳೆದು ಎಣ್ಣೆ ಹಚ್ಚಿ ದೇವರ ಕೋಣೆಯಲ್ಲಿ ಇಡುತ್ತೇವೆ. ತೋಕ್ ಪೂ ಇಡಬೇಕು. ನಿಮ್ಮ ಕಡೆ ಗೌರಿಹೂ ಅನ್ನುತ್ತೀರಿ, ಬೆಂಕಿ ನಾಲಿಗೆಯ ಹಾಗೆ ಕೆಂಪು ಹಳದಿ. ಪೂಜೆ ಆಗುವ ತನಕ ಯಾರೂ ಆಯುಧ ಮುಟ್ಟುವ ಹಾಗಿಲ್ಲ. ಆಮೇಲೆ ಕಡಂಬುಟ್ಟು, ಪಂದಿ ಕರಿ. ಮದುವೆಯಲ್ಲಿ ಬಾಳೆ ದಿಂಡು ನೆಟ್ಟು ಒಡಿಕತ್ತಿಯಲ್ಲಿ ಒಂದೊಂದೇ ಏಟಿಗೆ ಕಡಿಯುವ ಶಾಸ್ತ್ರವೂ ಇದೆ. ಒಂದೇ ಏಟಿಗೆ ಹೋಗದಿದ್ದರೆ ಮಾನ ಹೋಗುತ್ತೆ. ನಮ್ಮ ಚಿಕ್ಕಪ್ಪ ಹಿಂದಿನ ದಿನ ತೋಟದಲ್ಲಿ ಕದ್ದು ಅಭ್ಯಾಸ ಮಾಡಿದ್ದು ನಾನು ನೋಡಿದ್ದೇನೆ.

ನಮ್ಮಲ್ಲಿ ಕತ್ತಿಯೊಳಗೆ ಆತ್ಮ ಅಂತ ಹೇಳುವುದನ್ನು ನಾನು ಕೇಳಿಲ್ಲ. ಹಿರಿಯರಿಗೆ ಕಾರಣ ಅಂತ ಬೇರೆ ಪೂಜೆ ಇದೆ. ಆದರೆ ಹಿರಿಯರು ಹಿಡಿದ ಒಡಿಕತ್ತಿಯನ್ನು ಮಾರುವುದು? ಯೋಚನೆ ಮಾಡಲೂ ಆಗಲ್ಲ.

ಜಾವಾದಲ್ಲೊಬ್ಬ

ಕೆಲಸದ ಮೇಲೆ ಯೋಗ್ಯಕರ್ತದಲ್ಲಿ ನಾಲ್ಕು ವರ್ಷ ಇದ್ದೆ. ಕತ್ತಿಯೊಳಗಿನ ಆತ್ಮ ಅಂದರೆ ಜಾವಾದವರನ್ನು ಮೀರಿಸುವವರಿಲ್ಲ. ಅವರ ಕ್ರಿಸ್ ಅನ್ನುವ ಕಠಾರಿಯನ್ನು 2005ರಲ್ಲಿ ಯುನೆಸ್ಕೊ ಪರಂಪರೆ ಅಂತ ಗುರುತಿಸಿತು. ಕೆಲವು ಅಲುಗು ನೇರ, ಕೆಲವು ಹಾವಿನ ಹಾಗೆ ಬಳುಕುತ್ತವೆ. ಬಳುಕು ಇದ್ದರೆ ಅದು ಬೆಸ ಸಂಖ್ಯೆ. ಮಾಡುವವನಿಗೆ ಎಂಪು ಅನ್ನುತ್ತಾರೆ. ಅರಮನೆಯ ಕ್ರಿಸ್‌ಗಳಿಗೆ ಹೆಸರಿದೆ. ಹೆಸರಿನ ಮುಂದೆ "ಕ್ಯಾಯಿ" ಅಂತ ಗೌರವದ ಪದ ಸೇರಿಸುತ್ತಾರೆ, ನಾವು ಹಿರಿಯರಿಗೆ "ಅವರು" ಅಂದ ಹಾಗೆ. ಕರಿಯನಿಗೆ ಅಲ್ಲಾಗಿದ್ದರೆ ಕ್ಯಾಯಿ ಕರಿಯ ಅನ್ನುತ್ತಿದ್ದರು.

ಒಳಗಿರುವುದಕ್ಕೆ ಅವರ ಪದ "ಇಸಿ". ಅರ್ಥ ಸುಮ್ನೆ "ಒಳಗಿರುವುದು" ಅಂತ. ಕ್ರಿಸ್ ಕೊಳ್ಳುವ ಮೊದಲು ದಿಂಬಿನ ಕೆಳಗೆ ಇಟ್ಟು ಮಲಗುತ್ತಾರೆ. ಒಳ್ಳೆ ಕನಸು ಬಿದ್ದರೆ ಹೊಂದುತ್ತೆ, ಕೆಟ್ಟದು ಬಿದ್ದರೆ ವಾಪಸ್. ಅಪಾಯ ಬರುವಾಗ ಅದು ಒರೆಯೊಳಗೆ ತಾನಾಗಿ ಗಟಗಟ ಅಲ್ಲಾಡುತ್ತೆ ಅನ್ನುವ ಕಥೆ ಮನೆಮನೆಯಲ್ಲೂ ಕೇಳಿದ್ದೇನೆ. ನಿಮ್ಮ ಅಮ್ಮನ ಮಾತು ಓದಿದಾಗ ಮೈ ಜುಮ್ ಅಂತು.

ಅವರ ಪಂಚಾಂಗದ ಸುರೊ ತಿಂಗಳಲ್ಲಿ ಕ್ರಿಸ್‌ಗೆ ಸ್ನಾನ. ನಿಂಬೆಹಣ್ಣಿನ ರಸದಲ್ಲಿ ಉಜ್ಜಿ ತುಕ್ಕು ತೆಗೆಯುತ್ತಾರೆ. ಆಮೇಲೆ ವಾರಂಗನ್ ಅನ್ನುವ ಪಾಷಾಣ ಬೆರೆಸಿದ ರಸ ಹಚ್ಚುತ್ತಾರೆ. ಕಬ್ಬಿಣ ಕಪ್ಪಾಗುತ್ತೆ, ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತೆ. ಮಡಚಿ ಮಡಚಿ ಬಡಿದ ಗೆರೆಗಳೆಲ್ಲ ಒಮ್ಮೆಲೇ ಎದ್ದು ಕಾಣುತ್ತವೆ. ನಾನು ಒಬ್ಬ ಮುದುಕರ ಮನೆಯಲ್ಲಿ ಪಕ್ಕದಲ್ಲೇ ಕೂತು ನೋಡಿದೆ. ಮಂಕಾಗಿದ್ದ ತಗಡಿನ ಮೇಲೆ ನೀರಿನ ಅಲೆಯ ಹಾಗೆ ಗೆರೆ ಮೂಡಿತು. ಅದಕ್ಕೆ ಪಾಮೊರ್ ಅನ್ನುತ್ತಾರೆ. ಏನೋ ಎದ್ದು ಬಂತು ಅಂತಲೇ ಅನ್ನಿಸುತ್ತೆ. ಪ್ರಂಬಾನನ್ ಹತ್ತಿರ ಬಿದ್ದ ಉಲ್ಕೆಯ ಕಬ್ಬಿಣವನ್ನೂ ಅರಮನೆಯ ಕ್ರಿಸ್‌ಗಳಿಗೆ ಬಳಸಿದ್ದಾರೆ, ಅದರಲ್ಲಿ ನಿಕ್ಕಲ್ ಇದೆ.

ಅಲ್ಲಿಯ ದೊಡ್ಡ ಕಥೆ ಎಂಪು ಗಂದ್ರಿಂಗನದು. ಕೆನ್ ಅರೊಕ್ ಅನ್ನುವವನು ಕ್ರಿಸ್ ಮಾಡಿಕೊಡು ಅಂದ. ಎಂಪು ಸಮಯ ಬೇಕು ಅಂದ. ಇವನು ತಾಳದೆ ಬಂದು ಅರೆಬರೆಯಾಗಿದ್ದ ಅದೇ ಕ್ರಿಸ್‌ನಿಂದ ಎಂಪುವನ್ನೇ ಕೊಂದ. ಸಾಯುವಾಗ ಎಂಪು, ಇದೇ ಅಲುಗು ನಿನ್ನನ್ನೂ ನಿನ್ನ ವಂಶವನ್ನೂ ತಿನ್ನುತ್ತೆ ಅಂತ ಶಾಪ ಕೊಟ್ಟ. ಕೆನ್ ಅರೊಕ್ ರಾಜನಾದ, ಅದೇ ಕ್ರಿಸ್‌ಗೆ ಬಲಿಯೂ ಆದ.

ಸಂಶಯಾತ್ಮ

ಗೂರ್ಖಾಗಳ ಖುಕುರಿ ಒರೆಯಿಂದ ತೆಗೆದರೆ ರಕ್ತ ಕುಡಿಯದೆ ಒಳಗೆ ಹೋಗಲ್ಲ ಅನ್ನುವುದೂ ಹೀಗೇ ಕಥೆ. ಅವರು ಅದರಲ್ಲಿ ದಿನವೂ ಈರುಳ್ಳಿ ಹೆಚ್ಚುತ್ತಾರೆ.

ಕುಲುಮೆ ಮೊಮ್ಮಗ

ಜಾವಾದವರೇ, ನಿಮ್ಮ ಎಂಪು ಕಥೆ ನನಗೆ ಬೇರೆ ಥರ ಕೇಳಿಸಿತು. ಅಲ್ಲಿ ಕತ್ತಿಯ ಜೊತೆ ಮಾಡಿದವನ ಹೆಸರೂ ಇಷ್ಟು ಶತಮಾನ ಉಳಿದಿದೆ.

ಇಲ್ಲಿ ಈ ಚರ್ಚೆಯನ್ನು ಮೇಲಿಂದ ಓದಿ ನೋಡಿ. ಕತ್ತಿಗೆ ಹೆಸರಿದೆ. ಹಿಡಿದ ಅಜ್ಜನ ನೆನಪಿದೆ. ಕಡಿದುಕೊಂಡ ದೊಡ್ಡಪ್ಪ ಇದ್ದಾರೆ. ಮಾಡಿದವನು ಯಾರು? ಯಾರೂ ಕೇಳಲಿಲ್ಲ. ಆಯುಧಪೂಜೆ ದಿನ ನಮ್ಮಜ್ಜ ಮಾಡಿದ ಕತ್ತಿ ನಿಮ್ಮ ದೇವರ ಕೋಣೆಯಲ್ಲಿ ಹೂವು ಮುಡಿದು ಕೂರುತ್ತಿತ್ತು. ನಮ್ಮಜ್ಜ ನಿಮ್ಮ ಜಗಲಿಯಲ್ಲಿ. ಕಣದಲ್ಲಿ ಭತ್ತ ಅಳೆಯುವಾಗ ಕಮ್ಮಾರನ ಆಯ ಅಂತ ಒಂದು ಪಾಲು ಬರುತ್ತಿತ್ತು, ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಸಿಟ್ಟಿನಿಂದ ಬರೆಯುತ್ತಿಲ್ಲ. ಸ್ವಲ್ಪ ಸಿಟ್ಟೂ ಇದೆ.

ಆ ಮೂರು ಚುಕ್ಕಿ, ಅರ್ಧಚಂದ್ರ ಮಂತ್ರವಲ್ಲ. ಮಾಡಿದವನ ಗುರುತು. ಒಂದೊಂದು ಮನೆಯದು ಒಂದೊಂದು ಥರ. ನಮ್ಮದು ಎರಡು ಗೆರೆ, ಒಂದು ಚುಕ್ಕಿ. ಕತ್ತಿ ಹಣಿಯಲು ವಾಪಸ್ ಬಂದಾಗ ತನ್ನ ಕೆಲಸ ಯಾವುದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಓದು ಬರಹ ಇಲ್ಲದವರ ಸಹಿ ಅದು.

ಕಡಲತಡಿ

ಮೊಮ್ಮಗ ಹೇಳಿದ್ದು ನಾಟಿತು. ನಮ್ಮ ಭಂಡಾರದ ಕಡ್ಸಲೆ ಮಾಡಿದ ಆಚಾರಿ ಮನೆ ಯಾವುದು ಅಂತ ನಿನ್ನೆ ಮನೆಯಲ್ಲಿ ಕೇಳಿದೆ. ಮೂರು ಜನ ಮೂರು ಊರು ಹೇಳಿದರು.

ಲೋಹದ ಮೇಷ್ಟ್ರು

ಇದು ಹಳೇ ಕಥೆ. ನಮ್ಮ ಉಕ್ಕು ಇಂಗ್ಲೆಂಡಿಗೆ ಹೋಗಿ "ವೂಟ್ಜ್" ಆಯಿತು. ಕನ್ನಡ ತೆಲುಗಿನ ಉಕ್ಕು ಪದವೇ ಕೆಟ್ಟು ಹಾಗಾಯಿತು ಅನ್ನುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಆಮೇಲೆ ಮೈಕೆಲ್ ಫ್ಯಾರಡೆ ಅದರ ಗುಟ್ಟು ಹುಡುಕಲು ಹೊರಟ. ಫ್ಯಾರಡೆಯ ಅಪ್ಪನೂ ಕಮ್ಮಾರನೇ! ಜೊತೆಗಿದ್ದ ಸ್ಟೊಡಾರ್ಟ್ ಚಾಕು ಕತ್ತರಿ ಮಾಡುವವನು. ಇವರೆಲ್ಲರ ಹೆಸರು ದಾಖಲೆಯಲ್ಲಿದೆ.

ಇಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತುವಾಗ ಉಕ್ಕು ಕಾಯಿಸುವುದನ್ನು ಕೂತು ಬರೆದುಕೊಂಡ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆಯ ಚೂರು, ಮೇಲೆ ಹಸಿರೆಲೆ, ಬಾಯಿಗೆ ಮಣ್ಣು. ಗಂಟೆಗಟ್ಟಲೆ ತಿದಿ ಒತ್ತಿದರೆ ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಇಳಿಯುತ್ತೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರು ಈಗಲೂ ಸಿಕ್ಕಿವೆ. ಆ ಮೂಸೆ ಕಟ್ಟಿದವನು ಯಾರು? ಬುಕನನ್ ಕೂಲಿ ಎಷ್ಟು ಅಂತ ಲೆಕ್ಕ ಬರೆದ, ಹೆಸರು ಬರೆಯಲಿಲ್ಲ.

ಗುಟ್ಟು ಕಳೆದುಹೋಗಿದ್ದು ಹೇಗೆ ಅನ್ನುವುದಕ್ಕೂ ಒಂದು ವಿವರಣೆ ಇದೆ. ಅಮೆರಿಕದ ವರ್‌ಹೂವನ್ ಅನ್ನುವ ಲೋಹಶಾಸ್ತ್ರಜ್ಞ, ಪೆಂಡ್ರೆ ಅನ್ನುವ ಕಮ್ಮಾರ ಸೇರಿ ವರ್ಷಗಟ್ಟಲೆ ಮಾಡಿ ನೋಡಿದರು. ಅದಿರಿನಲ್ಲಿ ವೆನೇಡಿಯಂನಂಥ ಧಾತು ಲೇಶಮಾತ್ರ ಇದ್ದರೆ ಮಾತ್ರ ಈ ಉಕ್ಕಿನ ಕತ್ತಿಯ ಮೇಲೆ ಅಲೆಗೆರೆ ಮೂಡುತ್ತೆ ಅಂದರು. ಅಂದರೆ ಅದಿರಿನ ಗುಡ್ಡ ಬದಲಾದರೆ ಅಜ್ಜ ಕಲಿಸಿದ್ದನ್ನೆಲ್ಲ ಸರಿಯಾಗಿ ಮಾಡಿದರೂ ಮೊಮ್ಮಗನಿಗೆ ಗೆರೆ ಬರಲ್ಲ. ಅವನು ಏನು ಅಂದುಕೊಳ್ಳಬೇಕು? ದೇವಿ ಮುನಿದಳು ಅಂತ ತಾನೇ?

ಅಡಕತ್ತರಿ ಅಮ್ಮ

ನಾನು ಅಡಕತ್ತರಿ ತಿರುಗಿಸಿ ನೋಡಿದೆ. ಕಾಲಿನ ಒಳಗಡೆ ಒಂದು ಪುಟ್ಟ ಹೂವಿನ ಗುರುತು ಇದೆ. ಐವತ್ತು ವರ್ಷದಿಂದ ಅಡಿಕೆ ಕತ್ತರಿಸುತ್ತಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ.

ಕಾನುಮನೆ

ತಡವಾಯಿತು, ಕ್ಷಮಿಸಿ. ಹೋಗಿ ಬಂದೆ.

ನಮ್ಮೂರಿನಿಂದ ಎಂಟು ಹತ್ತು ಕಿಲೋಮೀಟರ್ ದೂರದಲ್ಲಿ ಒಂದು ಕುಲುಮೆ ಇನ್ನೂ ಇದೆ. ಎಪ್ಪತ್ತು ದಾಟಿದವರು. ಗೋಣಿ ಬಿಚ್ಚಿ ಕೊಡಲು ಹೋದೆ, ಕೈಗೆ ತೆಗೆದುಕೊಳ್ಳಲಿಲ್ಲ. "ಕೆಳಗಿಡಿ" ಅಂದರು. ಇಟ್ಟ ಮೇಲೆ ತಾವೇ ಎತ್ತಿಕೊಂಡರು. ಮೊದಲು ಬೆನ್ನಿಗೆ ಉಗುರಿನಿಂದ ಹೊಡೆದು ಕಿವಿ ಹತ್ತಿರ ಹಿಡಿದರು. ಆಮೇಲೆ ಬಾಯಿಯನ್ನು ಬೆಳಕಿಗೆ ಅಡ್ಡ ಹಿಡಿದು, ಅರದಿಂದ ಎರಡು ಕಡೆ ಗೀರಿದರು. ಒಂದು ಕಡೆ ಅರ ಕಚ್ಚಿತು, ಇನ್ನೊಂದು ಕಡೆ ಜಾರಿತು. "ಇಲ್ಲಿಂದ ಇಲ್ಲಿಗೆ ಉಕ್ಕು ಇದೆ. ಒಂದು ಬೆರಳು ಅಗಲ. ನಿಮ್ಮ ಕಾಲಕ್ಕೆ ಸಾಕು" ಅಂದರು. ಹದ ಹೊಸದಾಗಿ ಕೊಡುವುದು ಬೇಡ, ಹಳೇ ಬೆಸುಗೆ ಬಿಡಬಹುದು ಅಂದರು.

ಹಿಡಿ ಒಡೆದರು. ಒಳಗಿಂದ ಕಂದು ಬಣ್ಣದ ಪುಡಿ ಉದುರಿತು. ಅರಗು. ಹಿಡಿಯ ತೂತಿಗೆ ಬಿಸಿ ಅರಗು ತುಂಬಿ ಕತ್ತಿಯ ಬಾಲ ಇಳಿಸಿರುತ್ತಾರಂತೆ. ಅದು ಒಣಗಿ ಪುಡಿಯಾಗಿ ಗಟಗಟ ಅನ್ನುತ್ತಿತ್ತು. ಸಂಶಯಾತ್ಮ ಅವರೇ, ಗೆದ್ದಿರಿ. "ಇಂಥ ಹಿಡಿ ಹಿಡಿದರೆ ಯಾರ ಮೊಣಕಾಲಾದರೂ ಹೋಗುತ್ತೆ" ಅಂದರು. ಹಾಗಾದರೆ ಅಜ್ಜನಿಗೆ ಯಾಕೆ ಏನೂ ಆಗಲಿಲ್ಲ ಅಂತ ಕೇಳಿದೆ. "ಅವರಿಗೆ ಅದು ಎಷ್ಟು ಅಲ್ಲಾಡುತ್ತೆ ಅಂತ ಗೊತ್ತಿತ್ತು" ಅಂದರು.

ಮೊಮ್ಮಗ ಹೇಳಿದ ಹಾಗೆ ಗುರುತು ತೋರಿಸಿದೆ. ಕನ್ನಡಕ ಹಾಕಿಕೊಂಡರು. ಹೆಬ್ಬೆರಳಿನಿಂದ ಮೂರು ಚುಕ್ಕಿಯನ್ನೂ ಒಂದೊಂದಾಗಿ ಸವರಿದರು. ಸ್ವಲ್ಪ ಹೊತ್ತು ಮಾತಿಲ್ಲ. "ಇದು ನಮ್ಮ ದೊಡ್ಡಪ್ಪನ ಕೈ" ಅಂದರು. ಹೆಸರೂ ಹೇಳಿದರು. ಇಲ್ಲಿ ಬರೆಯುತ್ತಿಲ್ಲ, ಅವರನ್ನು ಕೇಳಿಲ್ಲ. ಕುಲುಮೆಯ ಮುಂದೆ ಒಂದು ಊದುಬತ್ತಿ ಹಚ್ಚಿ ಆಮೇಲೆ ಕೆಲಸಕ್ಕೆ ಕೂತರು.

ಮನೆಗೆ ಬಂದು ಅಮ್ಮನಿಗೆ ಆ ಹೆಸರು ಹೇಳಿದೆ. ಅಮ್ಮನಿಗೆ ಗೊತ್ತಿತ್ತು! "ಅಯ್ಯೋ ಅವರಾ, ಜಗಲಿ ಮೇಲೆ ಕೂತು ಅವಲಕ್ಕಿಗೆ ಬೆಲ್ಲ ಜಾಸ್ತಿ ಕೇಳೋರು" ಅಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, ನೀನು ಯಾವಾಗ ಕೇಳಿದೆ ಅಂತಾರೆ. ತುಂಗೆಗೆ ಬಿಡುವ ಮಾತು ಈಗ ನಿಂತಿದೆ.

ಕತ್ತಿ ವಾಪಸ್ ಕೊಡುವಾಗಲೂ ಅವರು ಕೆಳಗೇ ಇಟ್ಟರು. ಕೈಗೆ ಕೊಟ್ಟರೆ ಜಗಳ ಆಗುತ್ತೆ ಅಂತಲಾ ಅಂದೆ. ನಕ್ಕರು. "ನಿಮ್ಮ ಹಿಡಿತ ಹೇಗಿದೆ ಅಂತ ನನಗೇನು ಗೊತ್ತು?"

ಕುಲುಮೆ ಮೊಮ್ಮಗ

ಓದಿದೆ. ಎರಡು ಸಲ ಓದಿದೆ. ಮುಂದಿನ ತಿಂಗಳು ಊರಿಗೆ ಹೋಗುವಾಗ ಆ ಕಡೆ ಬರಲಾ? ಅವರನ್ನು ನೋಡಬೇಕು.

ಕಾನುಮನೆ

ಖಂಡಿತ ಬನ್ನಿ. ಊಟ ನಮ್ಮ ಮನೆಯಲ್ಲಿ. ಒಳಗೆ.

ಬೆಳಗಾವಿ ಹುಡುಗ

ಅಣ್ಣಾ, ಹೊಸ ಹಿಡಿಗೆ ಯಾವ ಮರ ಹಾಕಿದರು?

ಕಾನುಮನೆ

ಹುಣಸೆ. ಸೀಳಲ್ಲ, ಬೆವರಿಗೂ ಜಾರಲ್ಲ ಅಂದರು.

ಕಡಲತಡಿ

ಹುಣಸೆಯಾ! ಮೊಳೆ ಹೊಡೆದಿದ್ದ ಮರ ಅಲ್ಲ ತಾನೇ ಮಾರಾಯ್ರೆ?